ಇರೋದು ಬೇರೆ, ಬಿಡಿಸೋದು ಬೇರೆ: ಕಾರ್ಬನ್ ನ್ಯಾನೋಟ್ಯೂಬಿಗೆ ಡಿಎನ್‌ಎ ಸಿಕ್ಕ ಚರಿತ್ರೆ

ಈ ಸಲದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಮಾತಿನ ಓಟದಲ್ಲಿ ಬೇಗ ದಾಟಿಹೋದ ಇಸವಿಗಳು, ಹೆಸರುಗಳು ಇಲ್ಲಿ ನಿಧಾನವಾಗಿ ಸಿಗುತ್ತವೆ.

ವಿಜ್ಞಾನದ ಚರಿತ್ರೆ ಬಗ್ಗೆ ಮಾತಾಡಿದಾಗಲೆಲ್ಲ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. "ನಮ್ಮ ಹಳೇ ಉಕ್ಕಿನ ಕತ್ತಿಯಲ್ಲಿ ನ್ಯಾನೋಟ್ಯೂಬ್ ಇತ್ತಂತೆ. ಹಾಗಾದ್ರೆ ನಮ್ಮವರಿಗೆ ನ್ಯಾನೋ ಟೆಕ್ನಾಲಜಿ ಆಗಲೇ ಗೊತ್ತಿತ್ತು ಅಲ್ವಾ?" ಈ ಪ್ರಶ್ನೆ ಕೇಳುವವರನ್ನು ನಾನು ಗೇಲಿ ಮಾಡೋದಿಲ್ಲ. ಅದರ ಅರ್ಧ ಭಾಗ ನಿಜವಾದ ಪ್ರಯೋಗದಿಂದಲೇ ಬಂದದ್ದು. ಆದರೆ "ಇತ್ತು" ಮತ್ತು "ಗೊತ್ತಿತ್ತು" ಅನ್ನೋ ಎರಡು ಮಾತುಗಳ ನಡುವೆ ದೊಡ್ಡದೊಂದು ಕೆಲಸ ಇದೆ. ಮುದ್ದೆಯಾಗಿ ಕೂತ ಕೊಳವೆಗಳನ್ನು ಒಂದೊಂದಾಗಿ ಬಿಡಿಸೋ ಕೆಲಸ. ಆ ಕೆಲಸಕ್ಕೆ ಸಿಕ್ಕ ಒಳ್ಳೆಯ ಸಾಧನಗಳಲ್ಲಿ ಒಂದು, ಯಾರೂ ನಿರೀಕ್ಷಿಸದ ವಸ್ತು: ಡಿಎನ್‌ಎ. ಅದರ ಚರಿತ್ರೆಯಲ್ಲಿ ಮುಂಬಯಿ ಇದೆ, ಬೆಂಗಳೂರೂ ಇದೆ.

ಬಾಂಬೆಯಿಂದ ಹೊರಟ ಉಕ್ಕು

ಮೊದಲು ಆ ಕತ್ತಿಯ ವಿಷಯ ಮುಗಿಸೋಣ. 18ನೇ ಶತಮಾನದ ಕೊನೆಗೆ ಬಾಂಬೆಯಲ್ಲಿ ಹೆಲೆನಸ್ ಸ್ಕಾಟ್ ಅನ್ನೋ ವೈದ್ಯ ಇದ್ದ. ಇಲ್ಲಿನ ಪೇಟೆಯಲ್ಲಿ ಸಿಗುತ್ತಿದ್ದ ಒಂದು ಅಪರೂಪದ ಉಕ್ಕಿನ ಮಾದರಿಗಳನ್ನು ಅವನು ಲಂಡನ್ನಿನ ರಾಯಲ್ ಸೊಸೈಟಿ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಪ್ರಕಟಿಸಿದ. ಅದರ ಶೀರ್ಷಿಕೆಯಲ್ಲೇ ಇದು ಬಾಂಬೆಯಲ್ಲಿ ತಯಾರಾಗುವ, ಅಲ್ಲಿ 'ವೂಟ್ಜ್' ಅಂತ ಕರೆಯುವ ಉಕ್ಕು ಅಂತಿದೆ. ಈ 'ವೂಟ್ಜ್' ನಮ್ಮ 'ಉಕ್ಕು' ಪದದ ಇಂಗ್ಲಿಷ್ ರೂಪ ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಿಜಕ್ಕೂ ಈ ಉಕ್ಕಿನ ಕುಲುಮೆಗಳು ಇದ್ದದ್ದು ದಖ್ಖನ್ನಿನಲ್ಲಿ ಮತ್ತು ದಕ್ಷಿಣದಲ್ಲಿ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಂಥ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ.

ಎರಡು ಶತಮಾನ ಕಳೆದ ಮೇಲೆ, 2006ರಲ್ಲಿ, ಜರ್ಮನಿಯ ಡ್ರೆಸ್ಡನ್ನಿನ ಪೀಟರ್ ಪಾಫ್ಲರ್ ತಂಡ ಇಂಥ ಉಕ್ಕಿನಿಂದ ಮಾಡಿದ 17ನೇ ಶತಮಾನದ ಕತ್ತಿಯೊಂದರ ಚೂರನ್ನು ಆಮ್ಲದಲ್ಲಿ ಕರಗಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿತು. ಉಳಿದ ಶೇಷದಲ್ಲಿ ಕಾರ್ಬನ್ ನ್ಯಾನೋಟ್ಯೂಬುಗಳು ಕಂಡವು ಅಂತ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿತು. ವಾಟ್ಸಾಪಿನಲ್ಲಿ ಓಡಾಡೋ ಸುದ್ದಿಯ ಮೂಲ ಇದೇ.

ಆ ಕಮ್ಮಾರರಿಗೆ ಗೊತ್ತಿದ್ದದ್ದು ಸಣ್ಣ ವಿದ್ಯೆಯಲ್ಲ. ಯಾವ ಅದಿರು, ಯಾವ ಸೌದೆ, ಮೂಸೆಯನ್ನು ಎಷ್ಟು ಹೊತ್ತು ಕಾಯಿಸಬೇಕು, ಎಷ್ಟು ನಿಧಾನ ಆರಿಸಬೇಕು, ಎಲ್ಲ ಕೈಗೆ ಗೊತ್ತಿತ್ತು. ಅದರ ಫಲವಾಗಿ ಉಕ್ಕಿನೊಳಗೆ ಏನೆಲ್ಲ ಹುಟ್ಟಿತು, ಅದರಲ್ಲಿ ಕೊಳವೆಯೂ ಇತ್ತು. ಆದರೆ ಆ ಕೊಳವೆ ಉಕ್ಕಿನೊಳಗೇ ಹೂತುಹೋಗಿತ್ತು. ಅದನ್ನು ಹೊರಗೆ ತೆಗೆದು, ಇದೊಂದು ಬೇರೆಯೇ ವಸ್ತು ಅಂತ ಕೈಯಲ್ಲಿ ಹಿಡಿದು ಬಳಸೋ ದಾರಿ ಆಗ ಯಾರ ಹತ್ತಿರವೂ ಇರಲಿಲ್ಲ.

ಸುರುಳಿ ಸುತ್ತಿದ ಹಾಳೆ

ಕೊಳವೆ ಅಂದ್ರೆ ಏನು? ಪೆನ್ಸಿಲ್ ಸೀಸದಲ್ಲಿರುವ ಗ್ರಾಫೈಟ್ ಅನ್ನೋದು ಒಂದರ ಮೇಲೊಂದು ಕೂತ ಕಾರ್ಬನ್ ಹಾಳೆಗಳ ಕಟ್ಟು. ಪ್ರತಿ ಹಾಳೆಯೂ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳ ಜಾಲ. ಒಂದು ಹಾಳೆಯನ್ನು ಚಾಪೆ ಸುತ್ತಿದಂತೆ ಸುತ್ತಿ ಅಂಚಿಗೆ ಅಂಚು ಬೆಸೆದರೆ ಸಿಗೋದು ನ್ಯಾನೋಟ್ಯೂಬ್. ಅಡ್ಡಳತೆ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಉದ್ದ ಅದಕ್ಕಿಂತ ಸಾವಿರಾರು ಪಟ್ಟು.

ಇಲ್ಲೊಂದು ತಮಾಷೆ ಇದೆ. ಚಾಪೆಯನ್ನು ನೇರ ಸುತ್ತಬಹುದು, ಸ್ವಲ್ಪ ಓರೆಯಾಗಿಯೂ ಸುತ್ತಬಹುದು. ಓರೆ ಎಷ್ಟು ಅನ್ನೋದರ ಮೇಲೆ ಕೊಳವೆಯ ಸ್ವಭಾವವೇ ಬದಲಾಗುತ್ತದೆ. ಸುಮಾರು ಮೂರರಲ್ಲಿ ಒಂದು ಪಾಲು ಕೊಳವೆಗಳು ತಂತಿಯಂತೆ ವಿದ್ಯುತ್ ಹರಿಸುತ್ತವೆ. ಉಳಿದ ಎರಡು ಪಾಲು ಸಿಲಿಕಾನ್ ಹಾಗೆ ಅರೆವಾಹಕ. ಕಾರ್ಬನ್ ಅದೇ, ಜಾಲ ಅದೇ, ಸುತ್ತಿದ ಓರೆ ಮಾತ್ರ ಬೇರೆ.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಪದರ ಪದರದ ಕೊಳವೆಗಳನ್ನು 'ನೇಚರ್'ನಲ್ಲಿ ವಿವರಿಸಿದ ಮೇಲೆ ಜಗತ್ತಿನ ಗಮನ ಈ ಕಡೆ ತಿರುಗಿತು. 1993ರಲ್ಲಿ ಒಂದೇ ಪದರದ ಕೊಳವೆ ಬಂತು. ಸೋವಿಯತ್ ವಿಜ್ಞಾನಿಗಳಾದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ 1952ರಲ್ಲೇ ಇಂಥ ಟೊಳ್ಳು ಎಳೆಗಳ ಚಿತ್ರ ಪ್ರಕಟಿಸಿದ್ದರು, ಆದರೆ ರಷ್ಯನ್ ಭಾಷೆಯ ಆ ಪತ್ರಿಕೆಯನ್ನು ಹೊರಗಿನವರು ಗಮನಿಸಿರಲಿಲ್ಲ.

ನಮ್ಮ ಮುಂಬಯಿಯಲ್ಲಿ ಈ ಕೆಲಸ ಶುರುವಾದ ರೀತಿ ನನಗೆ ತುಂಬಾ ಇಷ್ಟ. ಪೊವೈ ಕೆರೆಯ ಪಕ್ಕದ ಐಐಟಿ ಬಾಂಬೆಯಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್ ಮಹೇಶ್ವರ ಶರೋನ್ 1990ರ ದಶಕದಲ್ಲಿ ದೇವರ ಮುಂದೆ ಹಚ್ಚೋ ಕರ್ಪೂರದಿಂದ ಕಾರ್ಬನ್ ನ್ಯಾನೋವಸ್ತು ಮಾಡೋ ದಾರಿ ಹಿಡಿದರು. ಕರ್ಪೂರದ ಒಂದು ಅಣುವಿನಲ್ಲಿ 10 ಕಾರ್ಬನ್ ಪರಮಾಣು ಇವೆ, ಸುಲಭವಾಗಿ ಆವಿಯಾಗುತ್ತದೆ, ಗಿಡದಿಂದ ಬರುತ್ತದೆ, ಅಗ್ಗ. ಅವರ ಗುಂಪಿನಲ್ಲಿದ್ದ ಮುಕುಲ್ ಕುಮಾರ್ ಮುಂದೆ ಜಪಾನಿನ ನಗೋಯಾದ ಮೇಜೋ ವಿಶ್ವವಿದ್ಯಾಲಯಕ್ಕೆ ಹೋಗಿ ಯೋಶಿನೋರಿ ಆಂಡೋ ಜೊತೆ ಸೇರಿದರು. ಕರ್ಪೂರಕ್ಕೆ ಕಬ್ಬಿಣ ಇರೋ ಫೆರೋಸೀನ್ ಬೆರೆಸಿ ಸುಮಾರು 900 ಡಿಗ್ರಿ ಕುಲುಮೆಯಲ್ಲಿ ಆವಿ ಹಾಯಿಸಿ ನ್ಯಾನೋಟ್ಯೂಬ್ ಬೆಳೆಸಿದರು. ಆ ಪ್ರಬಂಧಗಳು 2003ರ ಹೊತ್ತಿಗೆ ಬಂದವು.

ಅಂದ್ರೆ ಆ ಹೊತ್ತಿಗೆ ಕೊಳವೆ ಮಾಡೋದು ಕಷ್ಟದ ಮಾತಾಗಿ ಉಳಿದಿರಲಿಲ್ಲ, ಆರತಿ ತಟ್ಟೆಯ ಕರ್ಪೂರದಿಂದಲೇ ಆಗುತ್ತಿತ್ತು. ಕುಲುಮೆಯಿಂದ ಹೊರಬರುತ್ತಿದ್ದದ್ದು ಮಾತ್ರ ಕಪ್ಪು ಮಸಿ. ಅದರಲ್ಲಿ ಎಲ್ಲ ಓರೆಯ, ಎಲ್ಲ ಅಳತೆಯ ಕೊಳವೆಗಳು ಒಟ್ಟಿಗೆ, ಒಂದಕ್ಕೊಂದು ಅಂಟಿಕೊಂಡು.

ನೀರಿಗೆ ಸೇರದ ಮಸಿ

ನೆನೆದ ಶ್ಯಾವಿಗೆ ಒಣಗಿದಾಗ ಎಳೆ ಎಳೆ ಸೇರಿ ಕಟ್ಟು ಆಗುತ್ತಲ್ಲ, ನ್ಯಾನೋಟ್ಯೂಬ್ ಹಾಗೇ. ಎರಡು ಕೊಳವೆಗಳು ಪಕ್ಕ ಪಕ್ಕ ಬಂದರೆ ಉದ್ದಕ್ಕೂ ತಾಗುತ್ತವೆ. ಪ್ರತಿ ಜಾಗದಲ್ಲಿ ಸೆಳೆತ ಸಣ್ಣದು, ಆದರೆ ಉದ್ದಕ್ಕೂ ಕೂಡಿದಾಗ ಬಿಡಿಸಲಾಗದಷ್ಟು. ಇದಕ್ಕೆ ವಾನ್ ಡರ್ ವಾಲ್ಸ್ ಸೆಳೆತ ಅಂತಾರೆ. ನೀರಿಗೆ ಹಾಕಿದರೆ ಕಾರ್ಬನ್ ಗೋಡೆಗೂ ನೀರಿಗೂ ಆಗಿಬರೋದಿಲ್ಲ, ಕೊಳವೆಗಳು ಇನ್ನೂ ಹತ್ತಿರ ಸೇರಿ ತಳ ಸೇರುತ್ತವೆ.

ಕಟ್ಟಾಗಿದ್ದರೆ ಏನು ತೊಂದರೆ? ವಾಹಕ ಕೊಳವೆಯೂ ಅರೆವಾಹಕ ಕೊಳವೆಯೂ ಒಂದೇ ಕಟ್ಟಿನಲ್ಲಿದ್ದರೆ ಟ್ರಾನ್ಸಿಸ್ಟರ್ ಆಫ್ ಆಗೋದೇ ಇಲ್ಲ, ವಿದ್ಯುತ್ ವಾಹಕದ ಮೂಲಕ ನುಸುಳಿಬಿಡುತ್ತದೆ. ಪ್ರತಿ ಕೊಳವೆಯ ಗುಣ ಅಳೆಯೋಣ ಅಂದರೆ ಪಕ್ಕದವು ಬಿಡೋದಿಲ್ಲ. ಆದ್ದರಿಂದ ಬೇರ್ಪಡಿಸುವ ಮುಂಚೆ ಒಂದೊಂದನ್ನೂ ನೀರಿನಲ್ಲಿ ಒಂಟಿಯಾಗಿ ತೇಲಿಸಬೇಕಿತ್ತು.

ಮೊದಲು ಬಳಸಿದ್ದು ಸೋಪು. ಸೀಗೆಪುಡಿ ಎಣ್ಣೆ ತಲೆಯನ್ನು ತೊಳೆಯೋ ಲೆಕ್ಕವೇ. ಸೋಪಿನ ಅಣುವಿಗೆ ಎರಡು ತುದಿ, ಒಂದು ಎಣ್ಣೆ ಹಿಡಿಯುತ್ತದೆ, ಇನ್ನೊಂದು ನೀರು ಹಿಡಿಯುತ್ತದೆ. 2002ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಸೋಪು ನೀರಿನಲ್ಲಿ ಕೊಳವೆಗಳನ್ನು ಶ್ರವಣಾತೀತ ಶಬ್ದದಿಂದ ಅಲುಗಿಸಿ, ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಒಂಟಿ ಕೊಳವೆಗಳನ್ನು ಪಡೆದರು. ಅವು ಬೆಳಕು ಬೀರುವುದನ್ನೂ ಕಂಡರು. ದೊಡ್ಡ ಹೆಜ್ಜೆ. ಆದರೆ ಸೋಪಿನ ಅಣುಗಳು ಸಡಿಲ, ಸದಾ ಅಂಟುತ್ತ ಬಿಡುತ್ತ ಇರುತ್ತವೆ. ಸುತ್ತ ನೀರಿನಲ್ಲಿ ಸಾಕಷ್ಟು ಸೋಪು ಉಳಿದಿರಲೇಬೇಕು. ನೀರು ಬೆರೆಸಿ ತೆಳು ಮಾಡಿದರೆ ಹಿಡಿತ ತಪ್ಪಿ ಕೊಳವೆಗಳು ಮತ್ತೆ ಕಟ್ಟಾಗುತ್ತವೆ.

2003: ಎಳೆಗೆ ಎಳೆ

2003ರಲ್ಲಿ ಡುಪಾಂಟ್ ಕಂಪನಿಯ ಸಂಶೋಧನಾ ಕೇಂದ್ರದಿಂದ 'ನೇಚರ್ ಮೆಟೀರಿಯಲ್ಸ್' ಪತ್ರಿಕೆಗೆ ಒಂದು ಪ್ರಬಂಧ ಬಂತು. ಮೊದಲ ಹೆಸರು ಮಿಂಗ್ ಝೆಂಗ್. ಎರಡನೆಯದು ಐಐಟಿ ದೆಹಲಿಯಲ್ಲಿ ಓದಿದ ಆನಂದ್ ಜಗೋಟಾ. ಅವರು ಮಾಡಿದ್ದು ಹೇಳೋಕೆ ಸರಳ. ಒಂಟಿ ಎಳೆಯ ಡಿಎನ್‌ಎ ನೀರಿನಲ್ಲಿ ಹಾಕಿ, ನ್ಯಾನೋಟ್ಯೂಬ್ ಮಸಿ ಸೇರಿಸಿ, ಐಸಿನಲ್ಲಿಟ್ಟು ಶಬ್ದದ ಅಲೆಯಿಂದ ಅಲುಗಿಸಿದರು. ಆಮೇಲೆ ಸೆಂಟ್ರಿಫ್ಯೂಜ್. ತಳದಲ್ಲಿ ಕಟ್ಟುಗಳು ಕೂತವು, ಮೇಲೆ ಇಂಕಿನಂಥ ದ್ರವ ಉಳಿಯಿತು. ಅದರಲ್ಲಿ ಕೊಳವೆಗಳು ಒಂದೊಂದಾಗಿ ತೇಲುತ್ತಿದ್ದವು. ಅದೇ ವರ್ಷ ಜಪಾನಿನಲ್ಲಿ ನಾಕಾಶಿಮಾ ತಂಡವೂ ಡಿಎನ್‌ಎಯಿಂದ ಕೊಳವೆಗಳನ್ನು ನೀರಿಗೆ ಸೇರಿಸಿದ್ದನ್ನು ವರದಿ ಮಾಡಿತು.

ಡಿಎನ್‌ಎ ಅಂದ ಕೂಡಲೇ ವಂಶ, ರಕ್ತ, ಪೊಲೀಸ್ ಪರೀಕ್ಷೆ ನೆನಪಾಗುತ್ತೆ. ಇಲ್ಲಿ ಅದೆಲ್ಲ ಬದಿಗಿಡಿ. ಇಲ್ಲಿ ಅದು ಲ್ಯಾಬಿನಲ್ಲಿ ಹೊಸೆದ ಒಂದು ದಾರ, ಅಷ್ಟೇ. ಆ ದಾರದ ಬೆನ್ನೆಲುಬಿನಲ್ಲಿ ಫಾಸ್ಫೇಟ್ ಇದೆ, ಅದಕ್ಕೆ ಋಣ ವಿದ್ಯುದಂಶ, ನೀರು ಅಂದರೆ ಇಷ್ಟ. ಪಕ್ಕಕ್ಕೆ ಚಾಚಿಕೊಂಡಿರೋದು ನಾಲ್ಕು ಬಗೆಯ ಬೇಸ್‌ಗಳು: ಅಡಿನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಇವು ಚಪ್ಪಟೆ ಉಂಗುರಗಳು. ಚಪ್ಪಟೆ ಉಂಗುರಕ್ಕೆ ಕಾರ್ಬನ್ನಿನ ಉಂಗುರದ ಗೋಡೆ ಹೇಳಿ ಮಾಡಿಸಿದ ಜಾಗ, ಗೋಡೆಗೆ ಒಡಂಬಟ್ಟು ಮಲಗುತ್ತದೆ. ಹೀಗೆ ಬೇಸ್‌ಗಳು ಒಳಮುಖ, ಫಾಸ್ಫೇಟ್ ಹೊರಮುಖ ಆಗಿ ದಾರ ಕೊಳವೆಯ ಸುತ್ತ ಸುತ್ತಿಕೊಳ್ಳುತ್ತದೆ. ಹೊರಗಿನ ಋಣ ವಿದ್ಯುದಂಶದಿಂದ ಕೊಳವೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಸೋಪು ಮಾಡೋದೂ ಇದೇ ಕೆಲಸ, ಆದರೆ ಸೋಪಿನಲ್ಲಿ ಪ್ರತಿ ಅಣುವೂ ಬಿಡಿ. ಡಿಎನ್‌ಎಯಲ್ಲಿ ಹತ್ತಾರು ಹಿಡಿತಗಳು ಒಂದೇ ದಾರಕ್ಕೆ ಪೋಣಿಸಿವೆ. ಒಂದು ಸಡಿಲವಾದರೂ ಉಳಿದವು ಬಿಡೋದಿಲ್ಲ.

ಅದೇ ವರ್ಷ ನವೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಗ್ವಾನಿನ್, ಥೈಮಿನ್ ಒಂದಾದ ಮೇಲೊಂದು ಬರುವ ದಾರ ಬಳಸಿದಾಗ ವಾಹಕ ಕೊಳವೆ, ಅರೆವಾಹಕ ಕೊಳವೆ, ಬೇರೆ ಬೇರೆ ಅಡ್ಡಳತೆಯವು ಕ್ರೊಮಟೋಗ್ರಫಿ ಕಾಲಮ್ಮಿನಿಂದ ಬೇರೆ ಬೇರೆ ಹೊತ್ತಿಗೆ ಹೊರಬಂದವು. ತೇಲಿಸಲು ತಂದ ದಾರ ವಿಂಗಡಿಸಲೂ ನೆರವಾಯಿತು.

ಬೆಂಗಳೂರಿನವರು ಹಿಡಿದ ಪ್ರಶ್ನೆ

ಈಗ ನನಗೆ ಇಡೀ ಚರಿತ್ರೆಯಲ್ಲಿ ಅತಿ ಮುಖ್ಯ ಅನಿಸೋ ಭಾಗ. ಡುಪಾಂಟ್ ಪ್ರಯೋಗದಲ್ಲಿ ಒಂದು ಗಂಟು ಇತ್ತು. ಬರೀ ಥೈಮಿನ್ ಇರುವ ದಾರ ಕೊಳವೆಗಳನ್ನು ಚೆನ್ನಾಗಿ ತೇಲಿಸಿತು. ಬರೀ ಅಡಿನಿನ್ ದಾರ, ಬರೀ ಸೈಟೊಸಿನ್ ದಾರ ಅಷ್ಟು ಚೆನ್ನಾಗಿ ಮಾಡಲಿಲ್ಲ. ಯಾಕೆ? ಅಡಿನಿನ್‌ಗೆ ಎರಡು ಉಂಗುರ, ಥೈಮಿನ್‌ಗೆ ಒಂದೇ. ದೊಡ್ಡ ಉಂಗುರ ಗೋಡೆಗೆ ಹೆಚ್ಚು ತಾಗಬೇಕು, ಹೆಚ್ಚು ಬಿಗಿ ಹಿಡಿಯಬೇಕು. ಆಗಿದ್ದು ಉಲ್ಟಾ. ಅಡಿನಿನ್ ದಾರದಲ್ಲಿ ಬೇಸ್‌ಗಳು ತಮ್ಮತಮ್ಮಲ್ಲೇ ಒಂದರ ಮೇಲೊಂದು ಕೂತು ದಾರ ಬಿರುಸಾಗುತ್ತದೆ ಅನ್ನೋದು ಒಂದು ಉತ್ತರ. ಅದಿಷ್ಟೇನಾ, ಅಥವಾ ದಾರದ ಸಂಗತಿ ಬಿಟ್ಟು ಬಿಡಿ ಬೇಸಿನಲ್ಲೇ ಏನಾದರೂ ಇದೆಯಾ?

ಇದನ್ನು ಕೈಗೆತ್ತಿಕೊಂಡವರು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಒಂದು ತಂಡ: ಅನಿಂದ್ಯ ದಾಸ್, ಎ. ಕೆ. ಸೂದ್, ಪ್ರಬಲ್ ಮೈತಿ, ಮಿಲಿ ದಾಸ್, ಆರ್. ವರದರಾಜನ್ ಮತ್ತು ಸಿ. ಎನ್. ಆರ್. ರಾವ್. ಇದರಲ್ಲಿ ಸೂದ್ ಭೌತವಿಜ್ಞಾನಿ, ಮೈತಿ ಅಣುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು, ವರದರಾಜನ್ ಪ್ರೋಟೀನುಗಳ ಅಧ್ಯಯನದವರು, ನಮ್ಮ ರಾವ್ ಅವರು ವಸ್ತುಗಳ ರಸಾಯನಶಾಸ್ತ್ರಜ್ಞರು. ಪ್ರಬಂಧ 2008ರಲ್ಲಿ 'ಕೆಮಿಕಲ್ ಫಿಸಿಕ್ಸ್ ಲೆಟರ್ಸ್'ನಲ್ಲಿ ಬಂತು. ಇದೇ ಸೂದ್ 2003ರಲ್ಲಿ ಶಂಕರ್ ಘೋಷ್ ಜೊತೆ ನ್ಯಾನೋಟ್ಯೂಬ್ ಮೇಲೆ ದ್ರವ ಹರಿದರೆ ವೋಲ್ಟೇಜ್ ಹುಟ್ಟುತ್ತದೆ ಅಂತ 'ಸೈನ್ಸ್'ನಲ್ಲಿ ತೋರಿಸಿದ್ದರು. ಆ ಘೋಷ್ ಮುಂದೆ ನಮ್ಮ ಕೊಲಾಬಾದ ಟಿಐಎಫ್‌ಆರ್‌ಗೆ ಬಂದರು.

ತಂಡ ಮೊದಲು ನೀರಿಲ್ಲದೆ, ನಿರ್ವಾತದಲ್ಲಿ ಲೆಕ್ಕ ಹಾಕಿತು. ಬಿಡಿ ಬೇಸ್ ಕೊಳವೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತೆ? ಬಂದ ಕ್ರಮ: ಗ್ವಾನಿನ್, ಅಡಿನಿನ್, ಥೈಮಿನ್, ಸೈಟೊಸಿನ್. ನಿರೀಕ್ಷೆಯಂತೆ ದೊಡ್ಡವು ಮುಂದೆ. ಅಂದರೆ ಲೆಕ್ಕ ಪ್ರಯೋಗಕ್ಕೆ ಹೊಂದಲಿಲ್ಲ. ಆಮೇಲೆ ಲೆಕ್ಕಕ್ಕೆ ನೀರನ್ನು ಸೇರಿಸಿದರು. ಕ್ರಮ ಬದಲಾಯಿತು: ಗ್ವಾನಿನ್, ಥೈಮಿನ್, ಅಡಿನಿನ್, ಸೈಟೊಸಿನ್. ಥೈಮಿನ್ ಅಡಿನಿನ್ನನ್ನು ದಾಟಿ ಮುಂದೆ ಬಂತು.

ಇದರ ಅರ್ಥ ನಮ್ಮ ಮನೆ ಲೆಕ್ಕದ ಹಾಗೇ ಇದೆ. ನೀರಿನಲ್ಲಿರೋ ಬೇಸ್ ಸುಮ್ಮನೆ ಕೂತಿಲ್ಲ, ಸುತ್ತ ಇರುವ ನೀರಿನ ಜೊತೆ ಅದಕ್ಕೆ ನಂಟಿದೆ. ಕೊಳವೆಗೆ ಅಂಟಬೇಕಾದರೆ ಆ ನಂಟಿನಲ್ಲಿ ಸ್ವಲ್ಪ ಬಿಡಬೇಕು. ಅಂಟಿದ್ದರಿಂದ ಬಂದ ಲಾಭದಲ್ಲಿ ಬಿಟ್ಟದ್ದರ ಖರ್ಚು ಕಳೆದು ಉಳಿಯುವುದೇ ನಿಜವಾದ ಹಿಡಿತ. ಅಡಿನಿನ್‌ಗೆ ಲಾಭ ಹೆಚ್ಚು, ಖರ್ಚು ಕಳೆದ ಮೇಲೆ ಉಳಿತಾಯ ಥೈಮಿನ್‌ಗಿಂತ ಕಡಿಮೆ.

ಲೆಕ್ಕಕ್ಕೇ ನಿಲ್ಲಿಸಿದ್ದರೂ ಪ್ರಬಂಧ ಆಗುತ್ತಿತ್ತು. ಅವರು ಅಳೆದೂ ನೋಡಿದರು. ಬಳಸಿದ್ದು ಐಸೋಥರ್ಮಲ್ ಟೈಟ್ರೇಶನ್ ಕ್ಯಾಲೊರಿಮೆಟ್ರಿ. ಔಷಧಿ ಪ್ರೋಟೀನಿಗೆ ಅಂಟುತ್ತಾ ಅಂತ ನೋಡಲು ಬಳಸುವ ವಿಧಾನ ಇದು. ಎರಡು ಪುಟ್ಟ ಕೋಶಗಳನ್ನು ಒಂದೇ ಉಷ್ಣತೆಯಲ್ಲಿ ಇಡುತ್ತಾರೆ. ಒಂದಕ್ಕೆ ಸೂಜಿಯಿಂದ ಹನಿ ಹನಿಯಾಗಿ ವಸ್ತು ಬಿಡುತ್ತಾರೆ. ಅದು ಅಂಟಿದಾಗ ಸಣ್ಣಗೆ ಶಾಖ ಹೊಮ್ಮುತ್ತದೆ. ಎರಡೂ ಕೋಶ ಸಮ ಇರಿಸಲು ಹೀಟರ್ ಎಷ್ಟು ಕಮ್ಮಿ ಉರಿಯಬೇಕಾಯಿತು ಅನ್ನೋದರಿಂದ ಆ ಶಾಖ ಗೊತ್ತಾಗುತ್ತದೆ. ಅಳತೆಯಲ್ಲಿ ಬಂದ ಕ್ರಮ: ಥೈಮಿನ್, ಅಡಿನಿನ್, ಸೈಟೊಸಿನ್. ನೀರು ಸೇರಿಸಿ ಹಾಕಿದ ಲೆಕ್ಕಕ್ಕೂ ಡುಪಾಂಟ್ ಕಂಡದ್ದಕ್ಕೂ ತಾಳೆಯಾಯಿತು.

ನಾನು ಎಂಟೆಕ್ ಮಾಡಿ ಸಾಫ್ಟ್‌ವೇರ್ ಬರೆಯುವವನು, ರಸಾಯನಶಾಸ್ತ್ರದವನಲ್ಲ. ಆದರೂ ಈ ಪ್ರಬಂಧ ಓದುವಾಗ ನಮ್ಮ ಕೆಲಸದ್ದೇ ಒಂದು ಪಾಠ ಕಂಡಿತು. ಟೆಸ್ಟ್ ಪಾಸಾಯಿತು, ಮುಂದೆ ಹೋಗೋಣ ಅನ್ನೋದು ಸುಲಭ. ಯಾಕೆ ಪಾಸಾಯಿತು ಅಂತ ಕೇಳೋರು ಕಮ್ಮಿ. ಥೈಮಿನ್ ಕೆಲಸ ಮಾಡುತ್ತೆ ಅಂತ ಜಗತ್ತಿಗೆ ಐದು ವರ್ಷದಿಂದ ಗೊತ್ತಿತ್ತು. ಬೆಂಗಳೂರಿನವರು ಕೂತು ಕೇಳಿದ್ದು ಆ 'ಯಾಕೆ'ಯನ್ನು.

ಆಮೇಲೆ ಏನಾಯಿತು

ಮುಂದಿನದನ್ನು ಚುಟುಕಾಗಿ ಹೇಳ್ತೀನಿ. ನಾಲ್ಕು ಅಕ್ಷರದಿಂದ 100 ಅಕ್ಷರದ ದಾರ ಮಾಡಿದರೆ ಎಷ್ಟು ಬಗೆ? ನಾಲ್ಕನ್ನು ನೂರು ಸಲ ಗುಣಿಸಿ. 1ರ ಮುಂದೆ 60 ಸೊನ್ನೆ ಇಟ್ಟಷ್ಟು. ಎಲ್ಲವನ್ನೂ ಪರೀಕ್ಷಿಸೋದು ಆಗದ ಮಾತು. 2009ರಲ್ಲಿ ಝೆಂಗ್, ಜಗೋಟಾ ಮತ್ತವರ ಸಹೋದ್ಯೋಗಿಗಳು ಸಣ್ಣ ವಿನ್ಯಾಸ ಮರುಕಳಿಸೋ ದಾರಗಳನ್ನಷ್ಟೇ ಕ್ರಮವಾಗಿ ಹುಡುಕುತ್ತ ಹೋದರು. 20ಕ್ಕೂ ಹೆಚ್ಚು ಚಿಕ್ಕ ದಾರಗಳು ಸಿಕ್ಕವು. ಪ್ರತಿಯೊಂದೂ ಮಿಶ್ರಣದಿಂದ ಒಂದು ನಿರ್ದಿಷ್ಟ ಓರೆಯ ಕೊಳವೆಯನ್ನು ಗುರುತಿಸಿ ಬೇರೆ ಮಾಡಲು ನೆರವಾಗುತ್ತದೆ. ಹೀಗೆ 12 ಬಗೆಯ ಅರೆವಾಹಕ ಕೊಳವೆಗಳು ಶುದ್ಧವಾಗಿ ಸಿಕ್ಕವು.

ಕಂಪ್ಯೂಟರ್ ಆಯ್ತಾ? ಆಯ್ತು. 2013ರಲ್ಲಿ ಸ್ಟ್ಯಾನ್‌ಫರ್ಡಿನವರು 178 ನ್ಯಾನೋಟ್ಯೂಬ್ ಟ್ರಾನ್ಸಿಸ್ಟರಿನ ಕಂಪ್ಯೂಟರ್ ಮಾಡಿದರು. 2019ರಲ್ಲಿ ಎಂಐಟಿ ತಂಡ 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರಿನ 16 ಬಿಟ್ ಪ್ರೊಸೆಸರ್ ತಯಾರಿಸಿ, ನಾವೆಲ್ಲ ಮೊದಲ ದಿನ ಬರೆಯೋ 'ಹಲೋ ವರ್ಲ್ಡ್' ಅದರಲ್ಲಿ ಓಡಿಸಿತು. ಅಲ್ಲೂ ತಲೆನೋವು ಹಳೆಯದೇ, ವಾಹಕ ಕೊಳವೆಗಳ ಕಲಬೆರಕೆ. ಸಾಮಾನ್ಯ ವಿನ್ಯಾಸಕ್ಕೆ 99.999999 ಶೇಕಡ ಶುದ್ಧತೆ ಬೇಕಿತ್ತು. 99.99 ಶೇಕಡದಲ್ಲೇ ನಡೆಯೋ ಹಾಗೆ ಅವರು ಸರ್ಕ್ಯೂಟ್ ವಿನ್ಯಾಸ ಮಾಡಿಕೊಂಡರು. ಹೀಗೆ ದೊಡ್ಡ ಪ್ರಮಾಣದಲ್ಲಿ ಅರೆವಾಹಕ ಕೊಳವೆ ಬೇಕಾದಾಗ ಈಗ ಹೆಚ್ಚಾಗಿ ಪಾಲಿಮರ್ ಬಳಸುತ್ತಾರೆ.

ಡಿಎನ್‌ಎ ಸುತ್ತಿದ ಕೊಳವೆಗಳಿಗೆ ಬೇರೆ ಕೆಲಸ ಸಿಕ್ಕಿತು. ಮೆದುಳಿನ ಡೋಪಮೈನ್‌ನಂಥ ಅಣು ಹತ್ತಿರ ಬಂದರೆ ಅವುಗಳ ಬೆಳಕು ಬದಲಾಗುತ್ತದೆ, ಆ ಗುಣದಿಂದ ಸೆನ್ಸರ್ ಮಾಡುತ್ತಿದ್ದಾರೆ. 2020ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ತಂಡ ಡಿಎನ್‌ಎಯಿಂದಲೇ ಸಾಲು ಸಾಲು ಕಾಲುವೆ ಕಟ್ಟಿ, ಕೊಳವೆಗಳನ್ನು 10.4 ನ್ಯಾನೋಮೀಟರ್ ಅಂತರದಲ್ಲಿ ಸಮಾನಾಂತರವಾಗಿ ಮಲಗಿಸಿತು.

ಈಗ ಮೊದಲ ಪ್ರಶ್ನೆಗೆ ಉತ್ತರ. ಉಕ್ಕಿನಲ್ಲಿ ನ್ಯಾನೋಟ್ಯೂಬ್ ಇದ್ದದ್ದಕ್ಕೆ ಹೆಮ್ಮೆ ಪಡಿ, ಬೇಡ ಅನ್ನಲ್ಲ. ಆದರೆ ಆ ಚರಿತ್ರೆಯ ಇನ್ನೊಂದು ಮುಖವೂ ನೆನಪಿರಲಿ. 1795ರಲ್ಲಿ ಉಕ್ಕು ನಮ್ಮದು, ಹಡಗು ಹತ್ತಿದ್ದು ಬಾಂಬೆಯಿಂದ, ಆದರೆ ಅದು ಯಾಕೆ ಹೀಗಿದೆ ಅನ್ನೋ ಪ್ರಶ್ನೆ ಅಚ್ಚಾದದ್ದು ಲಂಡನ್ನಿನಲ್ಲಿ. ಕುಲುಮೆಯವರ ಹೆಸರು ಒಂದೂ ಅಲ್ಲಿ ಇಲ್ಲ. 2008ರಲ್ಲಿ ಇದು ತಿರುಗಿತು. ಕೌತುಕ ಹೊರಗಿಂದ ಬಂತು, ಅದಕ್ಕೆ ಕಾರಣವನ್ನು ಬೆಂಗಳೂರಿನ ಲ್ಯಾಬಿನಲ್ಲಿ ಹುಡುಕಿದರು, ಹುಡುಕಿದವರ ಹೆಸರೂ ಅಚ್ಚಾಯಿತು. ಕನ್ನಡದವರು ಮಕ್ಕಳಿಗೆ ಹೇಳಬೇಕಾದ ಕಥೆಗಳಲ್ಲಿ ಇದೂ ಒಂದು ಅಂತ ನನಗನಿಸುತ್ತೆ, ಕತ್ತಿಯ ಕಥೆಯಷ್ಟೇ ಜೋರಾಗಿ.

ನಿಮ್ಮ ಊರಿನ ಕಡೆ ಹಳೇ ಉಕ್ಕಿನ ಕುಲುಮೆಯ ಗುರುತು, ಕಿಟ್ಟದ ದಿಬ್ಬ, ಅಥವಾ ಆ ಕೆಲಸ ಮಾಡುತ್ತಿದ್ದ ಮನೆತನದ ಮಾತು ಏನಾದರೂ ಇದ್ದರೆ ಬರೆದು ತಿಳಿಸಿ. ಮುಂದಿನ ಮಾತನ್ನು ಅಲ್ಲಿಂದಲೇ ಶುರು ಮಾಡೋಣ.